ಹಿತ್ತಿಲ ಬೆಂಕಿ ಮತ್ತು ನೆರೆಹೊರೆಯ ಧರ್ಮ

ಮಾಘಮಾಸ ಬಂದಿತೆಂದರೆ ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಗಿಡಮರಗಳು ಎಲೆಯುದುರಿಸಲು ತೊಡಗುತ್ತವೆ. ಬೆಳಗಾದರೆ ಹಿತ್ತಿಲ ತುಂಬ ತರಗು. ಗೃಹಸ್ಥನು ಅದನ್ನು ಗುಡಿಸಿ, ಮೂಲೆಯ ಗುಂಡಿಗೆ ಸೇರಿಸಿ, ಕಡ್ಡಿ ಗೀರಿ, ಹಿತ್ತಿಲು ಶುದ್ಧವಾಯಿತೆಂದು ಸ್ನಾನಕ್ಕೆ ತೆರಳುತ್ತಾನೆ. ಗುಂಡಿಯಿಂದ ಎದ್ದ ಹೊಗೆ ಎಲ್ಲಿಗೆ ಹೋಯಿತೆಂಬುದನ್ನು ಅವನು ತಿರುಗಿ ನೋಡುವುದಿಲ್ಲ. ಈ ಸಾಮಾನ್ಯ ಸಂಗತಿಯನ್ನು ಧರ್ಮದೃಷ್ಟಿಯಿಂದ ಸ್ವಲ್ಪ ವಿಚಾರಿಸುವುದು ಈ ಲೇಖನದ ಉದ್ದೇಶ. ಇಷ್ಟು ಅಲ್ಪವಾದ ವಿಷಯಕ್ಕೆ ಧರ್ಮವಿಚಾರವೇಕೆಂದು ಕೆಲವರು ಕೇಳಬಹುದು. ಪ್ರತಿದಿನವೂ ಮಾಡುವ ಅಲ್ಪ ಕಾರ್ಯಗಳನ್ನೇ ನಾವು ವಿಚಾರವಿಲ್ಲದೆ ಮಾಡುತ್ತೇವೆ. ಆದ್ದರಿಂದ ವಿಚಾರ ಬೇಕಾಗಿರುವುದೂ ಅಲ್ಲಿಯೇ.

ಮೊದಲು ನನ್ನ ಅಪರಾಧವನ್ನೇ ನಿವೇದಿಸಿಬಿಡುತ್ತೇನೆ. ಅನೇಕ ವರ್ಷಗಳ ಕಾಲ ನಾನೂ ಹೀಗೆಯೇ ಪ್ರಾತಃಕಾಲದಲ್ಲಿ ತರಗಿನ ರಾಶಿಗೆ ಬೆಂಕಿಯಿಡುತ್ತಿದ್ದೆ. ಒಂದು ಮಧ್ವನವಮಿಯ ದಿನ ಪಕ್ಕದ ಮನೆಗೆ ಪ್ರಸಾದ ಕೊಡಲು ಹೋದಾಗ, ನಮ್ಮ ಹಿತ್ತಿಲ ಕಡೆಗಿದ್ದ ಅವರ ಕಿಟಕಿಯ ಸಂದುಗಳಿಗೆ ಒದ್ದೆಬಟ್ಟೆ ತುರುಕಿದ್ದುದು ಕಣ್ಣಿಗೆ ಬಿತ್ತು. ಒಳಗೆ ಆ ಮನೆಯ ವೃದ್ಧೆ ಗೋಡೆಗೆ ಒರಗಿ ಉಬ್ಬಸದಿಂದ ಏದುತ್ತ ಕುಳಿತಿದ್ದರು. ಕಾರಣ ತಿಳಿದಾಗ, ಇಷ್ಟು ವರ್ಷ ಒಂದು ಮಾತನ್ನೂ ಏಕೆ ಹೇಳಲಿಲ್ಲವೆಂದು ಅವರ ಮಗನನ್ನು ಕೇಳಿದೆ. ಅವನು ಸಂಕೋಚದಿಂದ, "ರಾಯರೇ, ನೀವು ಹಿರಿಯರು. ದೇವರ ಪೂಜೆಗೆ ಮುಂಚೆ ಸ್ಥಳಶುದ್ಧಿ ಮಾಡಿಕೊಳ್ಳುತ್ತೀರಿ. ಅದಕ್ಕೆ ಅಡ್ಡಿ ಹೇಳಿ ಪಾಪ ಕಟ್ಟಿಕೊಳ್ಳುವುದು ಹೇಗೆ?" ಎಂದನು. ನನ್ನ ಆಚಾರದ ಮೇಲೆ ಅವನಿಗಿದ್ದ ಗೌರವವೇ ಅವನ ಬಾಯನ್ನು ಕಟ್ಟಿತ್ತು. ಮಡಿಬಟ್ಟೆಗೆ ಯಾರ ಸ್ಪರ್ಶವೂ ಆಗಬಾರದೆಂದು ಎತ್ತರದ ಗಳುವಿನ ಮೇಲೆ ಒಣಗಿಸುವ ನಾನು, ನನ್ನ ಹೊಗೆ ಮತ್ತೊಬ್ಬರ ಎದೆಯೊಳಗೆ ಹೊಕ್ಕು ಬರುತ್ತಿದ್ದುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂದಿನ ಲಜ್ಜೆಯೇ ಈ ವಿಚಾರಕ್ಕೆ ಮೂಲ.

ತರ್ಕವನ್ನು ಅಭ್ಯಾಸಮಾಡಿದವರಿಗೆ ಹೊಗೆಯು ಹಳೆಯ ಪರಿಚಯ. ಪರ್ವತದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂಬುದು ಅನುಮಾನಪ್ರಮಾಣಕ್ಕೆ ಎಲ್ಲರೂ ಕೊಡುವ ದೃಷ್ಟಾಂತ. ಆದರೆ ಅದನ್ನೇ ತಿರುಗಿಸಿ, ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ ಎಂದು ಸಾಧಿಸಲು ಬರುವುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಹೊಗೆಗೆ ಕಾರಣವೇನು? ಹಸಿಯಾದ ಇಂಧನದ ಸಂಬಂಧವೇ ಕಾರಣವೆಂದು ತಾರ್ಕಿಕರು ಉತ್ತರಿಸುತ್ತಾರೆ. ಆರ್ದ್ರೇಂಧನಸಂಯೋಗವೆಂಬ ಉಪಾಧಿ ಇದು. ಮಕ್ಕಳಿಗೆ ಪಾಠ ಹೇಳುವಾಗ ನಾವು ಉಚ್ಚರಿಸುವ ಈ ಮಾತಿನಲ್ಲಿ ದೊಡ್ಡ ಲೋಕಾನುಭವವಿದೆ.

ಇಂದಿನ ವಿಜ್ಞಾನವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಇಬ್ಬನಿಯಿಂದ ತೊಯ್ದ ಎಲೆಯ ರಾಶಿಗೆ ಬೆಂಕಿಯಿಟ್ಟರೆ, ಬೆಂಕಿಯ ಶಾಖದಲ್ಲಿ ಹೆಚ್ಚಿನ ಭಾಗ ನೀರನ್ನು ಆವಿಮಾಡುವುದಕ್ಕೇ ವ್ಯಯವಾಗುತ್ತದೆ. ರಾಶಿಯ ಒಳಗೆ ಗಾಳಿಯೂ ಸಾಲದು. ಆದ್ದರಿಂದ ಅದು ಜ್ವಾಲೆಯಾಗಿ ಉರಿಯದೆ ಗಂಟೆಗಟ್ಟಲೆ ಕುಮುಲುತ್ತದೆ. ಪೂರ್ತಿ ಸುಡದೆ ಉಳಿದ ದ್ರವ್ಯವೇ ಹೊಗೆ. ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವೂ, 2.5 ಮೈಕ್ರಾನಿಗಿಂತ ಸೂಕ್ಷ್ಮವಾದ ಕಣಗಳೂ ಇರುತ್ತವೆ. ಈ ಕಣಗಳು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿರುವುದರಿಂದ ಮೂಗಿನ ರೋಮಗಳಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇವು ವರ್ಷದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿತು. ನಮ್ಮ ದೇಶವು 2009ರಲ್ಲಿ ಗೊತ್ತುಮಾಡಿದ ಮಿತಿ 40 ಮೈಕ್ರೋಗ್ರಾಂ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಹೊಗೆ ಮೇಲೇರದೆ ಕಿಟಕಿಯ ಎತ್ತರದಲ್ಲಿಯೇ ಹರಡುತ್ತದೆ. ನಾವು ತರಗು ಸುಡಲು ಆರಿಸಿಕೊಂಡಿರುವುದು ಆ ಹೊತ್ತನ್ನೇ. ತರಗಿನೊಡನೆ ಪ್ಲಾಸ್ಟಿಕ್ ಚೀಲಗಳೂ ಸೇರಿದರಂತೂ ವಿಷದ ಪ್ರಮಾಣವನ್ನು ಹೇಳಬೇಕಾಗಿಲ್ಲ.

ಇಲ್ಲಿ ಪೂರ್ವಪಕ್ಷಗಳನ್ನು ವಿಚಾರಿಸೋಣ. ಹಿತ್ತಿಲು ನನ್ನದು, ತರಗು ನನ್ನದು, ಗುಂಡಿ ನನ್ನದು. ನನ್ನ ವಸ್ತುವನ್ನು ನನ್ನ ಸ್ಥಳದಲ್ಲಿ ಸುಡಲು ಯಾರನ್ನು ಕೇಳಬೇಕು ಎಂಬುದು ಮೊದಲನೆಯ ಆಕ್ಷೇಪ. ನೆಲಕ್ಕೆ ಬೇಲಿಯುಂಟು, ಗಾಳಿಗೆ ಬೇಲಿಯಿಲ್ಲ. ಬೆಂಕಿ ನನ್ನದೆಂದು ಒಪ್ಪಿದವನು ಅದರ ಹೊಗೆಯೂ ನನ್ನದೇ ಎಂದು ಒಪ್ಪಲೇಬೇಕು. ನನ್ನ ಹಸು ನೆರೆಯವನ ಪೈರನ್ನು ಮೇದರೆ ನಷ್ಟ ತುಂಬಿಕೊಡುವುದು ನ್ಯಾಯವೆನ್ನುವ ನಾವು, ನನ್ನ ಹೊಗೆ ನೆರೆಯವನ ತಾಯಿಯ ಉಸಿರನ್ನು ಮೇಯುವಾಗ ಸುಮ್ಮನಿರುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪ ಶಾಸ್ತ್ರವನ್ನೇ ಆಶ್ರಯಿಸಿ ಬರುತ್ತದೆ. ಬೆಂಕಿಯನ್ನು ಹೊಗೆ ಮುಸುಕುವಂತೆ ಎಲ್ಲ ಕರ್ಮಗಳನ್ನೂ ಯಾವುದಾದರೊಂದು ದೋಷ ಮುಸುಕಿರುತ್ತದೆಯೆಂದು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿರುವನಲ್ಲವೇ? ಹಾಗಿರುವಾಗ ಸ್ವಲ್ಪ ಹೊಗೆಗೆ ಇಷ್ಟು ಚಿಂತೆಯೇಕೆ? ಆದರೆ ಆ ಮಾತು ಸಹಜವಾದ ಕರ್ಮವನ್ನು ದೋಷವಿದೆಯೆಂದು ಬಿಡಬಾರದೆಂಬುದನ್ನು ಬೋಧಿಸಲು ಹೊರಟಿದೆ. ದೋಷವನ್ನು ಬೆಳೆಸಿಕೊಳ್ಳಲು ಅಪ್ಪಣೆ ಕೊಡಲು ಹೊರಟಿಲ್ಲ. ತರಗು ಸುಡುವುದು ಯಾವ ವರ್ಣಕ್ಕೂ ಯಾವ ಆಶ್ರಮಕ್ಕೂ ವಿಹಿತವಾದ ಕರ್ಮವಲ್ಲ. ಮೇಲಾಗಿ, ಹೊಗೆಗೆ ಕಾರಣ ಹಸಿ ಇಂಧನವೆಂದು ತಾರ್ಕಿಕರಿಂದ ಆಗಲೇ ತಿಳಿದೆವು. ಪರಿಹರಿಸಲು ಸಾಧ್ಯವಿರುವ ದೋಷವನ್ನು ಅನಿವಾರ್ಯವೆಂದು ಕರೆಯುವುದು ಆಲಸ್ಯವೇ ಹೊರತು ವೇದಾಂತವಲ್ಲ.

ಹೋಮದ ಹೊಗೆ ಪವಿತ್ರವಲ್ಲವೇ, ಅದಕ್ಕೂ ಈ ಮಾತು ಅನ್ವಯಿಸುತ್ತದೆಯೇ ಎಂಬುದು ಮೂರನೆಯ ಆಕ್ಷೇಪ. ಇದಕ್ಕೆ ಮಹಾಭಾರತದ ಆದಿಪರ್ವದಲ್ಲಿ ಬರುವ ಶ್ವೇತಕಿರಾಜನ ಕಥೆಯಲ್ಲಿಯೇ ಉತ್ತರವಿದೆ. ಖಾಂಡವದಹನದ ಪ್ರಸಂಗದಲ್ಲಿ ಅಗ್ನಿಗೆ ಅಜೀರ್ಣವಾದುದು ಹೇಗೆಂದು ತಿಳಿಸಲು ಬಂದ ಕಥೆಯಿದು. ಶ್ವೇತಕಿಯು ಬಿಡುವಿಲ್ಲದೆ ಯಾಗಗಳನ್ನು ಮಾಡಿಸುತ್ತಿದ್ದನು. ಬಹುಕಾಲ ಹೊಗೆಯಲ್ಲಿ ಕುಳಿತು ಕಣ್ಣು ಕೆಟ್ಟ ಋತ್ವಿಜರು ಕಡೆಗೆ ಅವನನ್ನು ಬಿಟ್ಟು ಹೊರಟುಹೋದರು. ರಾಜನು ಮತ್ತೆ ಕರೆದರೂ ಅವರು ಬರಲಿಲ್ಲ. ಆಗ ಅವನು ಅವರ ಅನುಮತಿಯನ್ನು ಪಡೆದು ಬೇರೆ ಋತ್ವಿಜರಿಂದ ಆ ಸತ್ರವನ್ನು ಮುಗಿಸಿದನು. ಯಾಗದ ಹೊಗೆಯಾದರೂ ಕಣ್ಣಿಗೆ ನೋವೇ ಎಂದು ಇತಿಹಾಸವು ಮರೆಮಾಚದೆ ಹೇಳಿದೆ. ನೊಂದವರ ಅನುಮತಿಯಿಂದ ಮುಂದುವರಿಯಬೇಕೆಂಬ ಮರ್ಯಾದೆಯನ್ನೂ ಅದೇ ಕಥೆ ತೋರಿಸಿದೆ. ಇನ್ನು, ಅಗ್ನಿಯು ಚೆನ್ನಾಗಿ ಪ್ರಜ್ವಲಿಸಿ ಜ್ವಾಲೆಯೇಳುವಾಗಲೇ ಆಹುತಿಯನ್ನು ಕೊಡಬೇಕೆಂಬ ವಿಧಿ ಆಥರ್ವಣೋಪನಿಷತ್ತಿನಲ್ಲಿದೆ. ಒಣಗಿದ ಸಮಿತ್ತು, ಹದವಾದ ತುಪ್ಪ, ಉರಿಯುವ ಅಗ್ನಿ ಇದ್ದಲ್ಲಿ ಹೊಗೆ ತಾನಾಗಿಯೇ ಅಲ್ಪವಾಗುತ್ತದೆ. ಒಂದು ಗೋಡೆಗೆ ಹತ್ತು ಸಂಸಾರಗಳಿರುವ ಇಂದಿನ ಪಟ್ಟಣದ ಕಟ್ಟಡಗಳಲ್ಲಿ ಹೋಮ ಮಾಡಿಸುವವರು ಹಿಂದಿನ ದಿನವೇ ನೆರೆಯವರಿಗೆ ತಿಳಿಸಿ, ರೋಗಿಗಳೂ ಹಸುಗೂಸುಗಳೂ ಇದ್ದಾರೆಯೇ ಎಂದು ವಿಚಾರಿಸುವುದು ಪುಣ್ಯಾಹಕ್ಕೆ ಸಮಾನವಾದ ಪೂರ್ವಾಂಗವೆಂದು ಭಾವಿಸಬೇಕು.

ನಾಲ್ಕನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ನಿಜವಾದ ಕಷ್ಟ. ಸೌದೆಯೊಲೆಯನ್ನು ಬಿಟ್ಟು ಗತಿಯಿಲ್ಲದವರು ಏನು ಮಾಡಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಗಲೇ ನನಗೆ ಗೋಪಿನಾಥಂ ಗ್ರಾಮಕ್ಕೆ ಹೋಗುವ ಪ್ರಸಂಗ ಬಂದಿತು. ಇಂದಿನ ಹನೂರು ತಾಲ್ಲೂಕಿಗೆ ಸೇರಿದ ಈ ಊರು ಮಲೆಮಹದೇಶ್ವರ ಬೆಟ್ಟದಿಂದ ಪಾಲಾರ್ ಮಾರ್ಗವಾಗಿ ಹೊಗೇನಕಲ್ಲಿನ ಕಡೆಗೆ ಹೋಗುವ ದಾರಿಯಲ್ಲಿದೆ. ಕಾವೇರಿಯ ನೀರು ಬಂಡೆಗೆ ಬಡಿದು ಹೊಗೆಯಂತೆ ಏಳುವುದರಿಂದ ಆ ಜಲಪಾತಕ್ಕೆ ಹೊಗೆಯ ಕಲ್ಲೆಂದು ಹೆಸರು. ಆ ಹೊಗೆ ಯಾರ ಕಣ್ಣನ್ನೂ ಕೆಡಿಸದು. ಸಂಜೆಯಲ್ಲಿ ಊರಿನ ಮನೆಗಳಿಂದ ಏಳುವ ಹೊಗೆಯ ಮಾತು ಬೇರೆ. ಅಲ್ಲಿ ಒಬ್ಬ ಮುದುಕಿ ಅಂಗಳದ ಒಲೆಗೆ ಬೆಂಕಿ ಹಚ್ಚುವ ಮೊದಲು ಒಂದು ಚಿಟಿಕೆ ಮಣ್ಣನ್ನು ಮೇಲಕ್ಕೆ ತೂರಿ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿದಳು. ಬಳಿಕ ಕನ್ನಡವೂ ತಮಿಳೂ ಬೆರೆತ ಮಾತಿನಲ್ಲಿ ಪಕ್ಕದ ಮನೆಯ ಬಾಣಂತಿಯನ್ನು ಕೂಗಿ, ಕೂಸನ್ನು ಆಚೆಯ ಜಗಲಿಗೆ ಎತ್ತಿಕೊಂಡು ಹೋಗುವಂತೆ ಹೇಳಿದಳು. ಅನಂತರವೇ ಒಲೆ ಹೊತ್ತಿತು. ತರ್ಕವನ್ನಾಗಲಿ ವೇದಾಂತವನ್ನಾಗಲಿ ಓದದ ಆಕೆಗೆ ತಿಳಿದಿದ್ದ ಧರ್ಮ ನನಗೆ ತಿಳಿಯಲು ಎಷ್ಟೋ ವರ್ಷಗಳು ಬೇಕಾದವು.

ಹೊಟ್ಟೆಗಾಗಿ ಹಚ್ಚಿದ ಬೆಂಕಿಯನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಉಣ್ಣುವವಳು ಒಲೆಯ ಮುಂದೆ ಕುಳಿತ ಗೃಹಿಣಿಯೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮರಣಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂಥವರಿಗೆ ಉಪದೇಶ ಮಾಡುವುದಕ್ಕಿಂತ ಹೊಗೆಯಿಲ್ಲದ ಒಲೆಯನ್ನೋ ಅನಿಲದ ಒಲೆಯನ್ನೋ ಒದಗಿಸಲು ನೆರವಾಗುವುದು ಶ್ರೇಷ್ಠ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಇವು ಗೃಹಸ್ಥನ ಐದು ಹಿಂಸಾಸ್ಥಾನಗಳೆಂದೂ, ಆ ದೋಷದ ಪರಿಹಾರಕ್ಕೆ ಪಂಚಮಹಾಯಜ್ಞಗಳನ್ನು ಮಾಡಬೇಕೆಂದೂ ಸ್ಮೃತಿ ಹೇಳುತ್ತದೆ. ಅವಶ್ಯವಾದ ಬೆಂಕಿಗೇ ಪ್ರಾಯಶ್ಚಿತ್ತವನ್ನು ವಿಧಿಸಿದ ಪರಂಪರೆ ಅನವಶ್ಯಕವಾದ ಬೆಂಕಿಯನ್ನು ಮೆಚ್ಚೀತೇ?

ಆದ್ದರಿಂದ ಬೆಂಕಿಗಳಲ್ಲಿ ತಾರತಮ್ಯವನ್ನು ಅರಿಯಬೇಕು. ಅನ್ನಕ್ಕಾಗಿ ಉರಿಯುವ ಬೆಂಕಿ ಒಂದು. ವಿಹಿತಕರ್ಮಕ್ಕಾಗಿ ಉರಿಯುವುದು ಮತ್ತೊಂದು. ಕೇವಲ ಅನುಕೂಲಕ್ಕಾಗಿ ಸುಡುವ ತರಗಿನ ಬೆಂಕಿ ಮೂರನೆಯದು. ವಿನೋದಕ್ಕಾಗಿ ಹೊತ್ತಿಸುವುದು ನಾಲ್ಕನೆಯದು. ವಿದೇಶಗಳಲ್ಲಿರುವ ನಮ್ಮ ಮಕ್ಕಳು ಮನೆಯ ತೋಟದಲ್ಲಿ ಅಗ್ನಿಕುಂಡವನ್ನು ಕಟ್ಟಿಸಿ ಚಳಿಯ ಸಂಜೆ ಸುತ್ತ ಕುಳಿತು ಹರಟುವುದುಂಟು. ನಮ್ಮ ಕಾಡಂಚಿನ ವಿಹಾರಗೃಹಗಳಲ್ಲಿಯೂ ಈ ರೂಢಿ ಬಂದಿದೆ. ಮೊದಲೆರಡು ಬೆಂಕಿಗಳಲ್ಲಿ ನೆರೆಯವನ ಸಹನೆಯನ್ನು ನಾವು ಬೇಡಬಹುದು. ಕೊನೆಯ ಎರಡರಲ್ಲಿ ಅವನ ಸಮ್ಮತಿಯಿಲ್ಲದೆ ಕಡ್ಡಿ ಗೀರುವುದೇ ತಪ್ಪು. ಸುಖ ನಮಗೆ, ಕೆಮ್ಮು ಅವನಿಗೆ ಎಂಬ ವಿಭಾಗವನ್ನು ಯಾವ ಧರ್ಮವೂ ಒಪ್ಪದು. ನಾನಾ ಜನರ ಸೇವೆಯನ್ನು ರಾಜನಿಗೆ ಕಂದಾಯ ಸಲ್ಲಿಸುವಂತೆ ತಪ್ಪದೆ ಮಾಡಬೇಕೆಂದು ಶ್ರೀಮದಾಚಾರ್ಯರು ಅಪ್ಪಣೆ ಕೊಡಿಸಿದ್ದಾರೆ. ದೊಡ್ಡ ಸೇವೆಗಳು ನಮ್ಮಿಂದ ಆಗದಿದ್ದರೂ ನೆರೆಯವನ ಗಾಳಿಯನ್ನು ಕೆಡಿಸದಿರುವಷ್ಟು ಕಂದಾಯವನ್ನಾದರೂ ಸಲ್ಲಿಸಬಹುದು.

ಹೊಗೆಯಿಂದ ನೊಂದವನಿಗೂ ಒಂದು ಧರ್ಮವಿದೆ. ಕಾನೂನು ಅವನ ಕಡೆಗಿದೆ. 1860ರ ದಂಡಸಂಹಿತೆಯ 278ನೆಯ ಕಲಮಿನಲ್ಲಿದ್ದ, ಗಾಳಿಯನ್ನು ಜನರ ಆರೋಗ್ಯಕ್ಕೆ ಹಾನಿಕರವಾಗಿ ಮಾಡುವ ಅಪರಾಧವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 280ನೆಯ ಕಲಮಿನಲ್ಲಿದೆ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಡಿಸೆಂಬರಿನಲ್ಲಿ ವಿಧಿಸಿತು. ವನ್ಯಧಾಮದೊಳಗೆ ಬೆಂಕಿಯಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ನಿಷೇಧಿಸಿದೆ; ಕಾವೇರಿ ವನ್ಯಧಾಮದ ಮಗ್ಗುಲಿನ ಊರುಗಳಲ್ಲಿ ಹಿತ್ತಿಲ ಕಿಡಿಯೊಂದು ಹಾರಿದರೆ ಏನಾದೀತೆಂದು ಎಲ್ಲರೂ ಬಲ್ಲರು. ಆದರೂ ಮೊದಲ ಹೆಜ್ಜೆ ದೂರು ಆಗಬಾರದು, ಮಾತು ಆಗಬೇಕು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಕಾನೂನಿನ ಬಲ ಕೈಯಲ್ಲಿದ್ದರೂ ಅವರು ಗೋಪಿನಾಥಂನಲ್ಲಿ ಜನರ ನಡುವೆ ನೆಲೆಸಿ, ಅವರಿಗೆ ಔಷಧೋಪಚಾರದ ಏರ್ಪಾಡು ಮಾಡಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿ, ಊರಿನ ವಿಶ್ವಾಸವನ್ನು ಗಳಿಸಿದರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಮೋಸದಿಂದ ಕೊಂದನು. ಆದರೆ ಅಧಿಕಾರಿಗಿಂತ ಹೆಚ್ಚಾಗಿ ನೆರೆಯವರಾಗಿ ಬಾಳಿದ ಅವರ ನೆನಪು ಆ ಊರಿನಲ್ಲಿ ಉಳಿದಿದೆ. ಅಷ್ಟು ಕಠಿಣವಾದ ಸ್ಥಳದಲ್ಲಿ ಮೃದುವಾದ ಮಾತಿಗೆ ಬೆಲೆಯಿದ್ದಿತೆಂದರೆ, ನಮ್ಮ ಬೀದಿಗಳಲ್ಲಿ ಇರದೇ?

ಸುಮ್ಮನೆ ಸಹಿಸುವುದೂ ಸರಿಯಲ್ಲ. ನನ್ನ ನೆರೆಯವನು ಮೊದಲ ವರ್ಷವೇ ಬಂದು ಒಂದು ಮಾತು ಹೇಳಿದ್ದರೆ ಆ ವೃದ್ಧೆಯ ಕಷ್ಟವೂ ನನ್ನ ಪಾಪವೂ ಅಲ್ಲಿಗೇ ನಿಲ್ಲುತ್ತಿದ್ದವು. ಆದರೆ ಅವನು ಹೇಳಲಾರದಂತೆ ನಡೆದುಕೊಂಡವನು ನಾನು. ಆಚಾರವಂತರೆಂದು ಊರಿನಲ್ಲಿ ಹೆಸರಾದವರು ನೆರೆಯವರನ್ನು ತಾವೇ ಮುಂದಾಗಿ ಕೇಳಬೇಕಾದುದು ಈ ಕಾರಣದಿಂದಲೇ.

ಈಗ ನಮ್ಮ ಹಿತ್ತಿಲ ಗುಂಡಿಯಲ್ಲಿ ಬೆಂಕಿಯಿಲ್ಲ. ತರಗನ್ನು ಅದರಲ್ಲಿ ಹಾಕಿ, ಸಗಣಿಯ ನೀರು ಚಿಮುಕಿಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚುತ್ತೇವೆ. ಕೆಲವು ತಿಂಗಳಲ್ಲಿ ಅದು ಕರಿದಾದ ಗೊಬ್ಬರವಾಗುತ್ತದೆ. ಅದರ ಮೊದಲ ಪಾಲು ಬೃಂದಾವನದ ತುಲಸಿಗೆ, ಉಳಿದುದು ಹೂವಿನ ಗಿಡಗಳಿಗೆ. ಮರುವರ್ಷದ ಮಧ್ವನವಮಿಗೆ ಪ್ರಸಾದ ಹಿಡಿದು ಹೋದಾಗ ಪಕ್ಕದ ಮನೆಯ ಆ ಕಿಟಕಿ ತೆರೆದಿತ್ತು. ವೃದ್ಧೆ ಅದರ ಬಳಿಯಲ್ಲಿ ಕುಳಿತು ಹೂವು ಕಟ್ಟುತ್ತಿದ್ದರು. ಹೂವು ನಮ್ಮ ಹಿತ್ತಿಲಿನದೇ ಆಗಿತ್ತು.

॥ ಶ್ರೀಕೃಷ್ಣಾರ್ಪಣಮಸ್ತು ॥