ವಿಂಗಡಿಸುವ ಕೈ, ಬೇರ್ಪಡಿಸುವ ಮನ

ಮೊರದಲ್ಲಿ ಅಕ್ಕಿಯನ್ನು ಹರಡಿ ಕಲ್ಲು, ನೆಲ್ಲುಗಳನ್ನು ಆರಿಸುತ್ತಿರುವ ಅಜ್ಜಿಯ ಬಳಿ ಮೂರು ನಾಲ್ಕು ವರ್ಷದ ಮಗು ಬಂದು ಕುಳಿತುಕೊಳ್ಳುವುದು ಶ್ರಾವಕರ ಮನೆಗಳಿಗೆ ಹೊಸತಲ್ಲ. ಕಲ್ಲು ಸಿಕ್ಕರೆ ಅಜ್ಜಿ ಎಸೆಯುತ್ತಾಳೆ. ನೆಲ್ಲು ಸಿಕ್ಕರೆ ಬದಿಗಿಡುತ್ತಾಳೆ. ಹುಳು ಕಂಡಾಗ ಮಾತ್ರ ಅವಳ ಕೈ ನಿಧಾನವಾಗುತ್ತದೆ. ಅದನ್ನು ನೋವಾಗದಂತೆ ಎತ್ತಿ ನೆರಳಿನಲ್ಲಿ ಬಿಟ್ಟುಬರುತ್ತಾಳೆ. ಜೀವ ಮತ್ತು ಅಜೀವಗಳ ಭೇದವನ್ನು ಮಗು ಹೀಗೆ ಶಬ್ದದಿಂದಲ್ಲ, ಆ ಕೈಯ ನಡೆಯಿಂದ ಅರಿಯುತ್ತದೆ. ವರ್ಗೀಕರಣದ ಮೊದಲ ಪಾಠ ಇದೇ.

ಗುಂಡಿ, ಚಮಚ, ಕವಡೆ, ಬೀಜಗಳನ್ನು ಬಣ್ಣ, ಆಕಾರ, ಗಾತ್ರಗಳಿಗನುಸಾರವಾಗಿ ಗುಂಪು ಮಾಡಿಸುವ ಕ್ರಮ ಶಿಶುವಿಹಾರಗಳಲ್ಲಿಯೂ ಉಂಟು. 1939ರಲ್ಲಿ ಮದರಾಸಿಗೆ ಬಂದ ಮಾರಿಯಾ ಮಾಂಟೆಸೊರಿಯವರ ಪದ್ಧತಿಯಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ. ಇದರಿಂದ ಮಗುವಿನ ಗಮನ, ಭಾಷೆ, ಸಂಖ್ಯಾಜ್ಞಾನಗಳು ಬೆಳೆಯುತ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಂಗಡಿಸಲು ಕಲಿಸುವಾಗ ಹಿರಿಯರು ಮಗುವಿಗೆ ಕಲಿಸುತ್ತಿರುವುದು ನೋಡುವುದನ್ನೋ, ಬೇರ್ಪಡಿಸುವುದನ್ನೋ ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಮಗುವಿನ ಮುಂದೆ ಒಂದು ಲೋಟ, ಚಮಚ, ಹಿತ್ತಾಳೆಯ ದೀಪ, ಮರದ ಆನೆ, ನಾಲ್ಕು ಹುಣಸೆಬೀಜಗಳಿವೆಯೆಂದು ಭಾವಿಸೋಣ. ಮಗು ದೀಪವನ್ನೂ ಹುಣಸೆಬೀಜಗಳನ್ನೂ ಒಂದೆಡೆ ಇಡುತ್ತದೆ. ತಾಯಿ ಕೂಡಲೇ "ತಪ್ಪು" ಎನ್ನುತ್ತಾಳೆ. ಹಾಗೆನ್ನದೆ "ಇವೆರಡನ್ನೂ ಏಕೆ ಜೊತೆಗಿಟ್ಟೆ ಮರೀ?" ಎಂದು ಕೇಳಿದ್ದರೆ, "ಎರಡೂ ಅಜ್ಜಿಯವು" ಎಂಬ ಉತ್ತರ ಬರುತ್ತಿತ್ತೇನೋ! ಮರದ ಆನೆ ಆಟಿಕೆಗಳ ಗುಂಪಿಗೆ ಸೇರಬೇಕೋ, ಆನೆಗಳ ಗುಂಪಿಗೋ? ತತ್ತ್ವಾರ್ಥಸೂತ್ರವು ಹೇಳುವ ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆಯೂ ಒಂದು. ಮರದ ಕೆತ್ತನೆಯಲ್ಲಿಯೋ ಚಿತ್ರದಲ್ಲಿಯೋ "ಇದು ಅದೇ" ಎಂದು ಸ್ಥಾಪಿಸುವುದನ್ನು ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಹಾಗೆ ವಿವರಿಸಿದ್ದಾರೆ. ಆಚಾರ್ಯರು ಶಾಸ್ತ್ರದಲ್ಲಿ ಒಪ್ಪಿದ ದೃಷ್ಟಿಯನ್ನು ಮಗುವಿನಲ್ಲಿ ಕಂಡಾಗ ನಗುವುದು ಸರಿಯೆ?

ಹಾಗಾದರೆ ಮಗು ಮಾಡಿದ್ದೆಲ್ಲವೂ ಸರಿಯೆಂದು ಬಿಡಬೇಕೆ ಎಂದು ಕೆಲವರು ಕೇಳಬಹುದು. ಹಾಗಲ್ಲ. ಬಣ್ಣವೊಂದನ್ನೇ ನೋಡಿ ಔಷಧದ ಗುಳಿಗೆಯನ್ನು ಪೆಪ್ಪರಮೆಂಟಿನೊಡನೆ ಇಟ್ಟರೆ ಅಪಾಯವುಂಟು. ಅನೇಕಾಂತವೆಂದರೆ ಮನಬಂದಂತೆ ಹೇಳುವುದಲ್ಲ. ಯಾವ ಅಪೇಕ್ಷೆಯಿಂದ ಹೇಳಲಾಗಿದೆಯೆಂಬುದನ್ನು ಮರೆಯದಿರುವುದು. ಬಣ್ಣದಿಂದ ನೋಡಿದರೆ ಗುಳಿಗೆ ಮತ್ತು ಪೆಪ್ಪರಮೆಂಟು ಒಂದೇ. ತಿನ್ನುವ ದೃಷ್ಟಿಯಿಂದ ಬೇರೆ. ಇವೆರಡನ್ನೂ ಮಗುವಿಗೆ ತಿಳಿಸಬೇಕು. ಅದೇ ವಸ್ತುಗಳನ್ನು ಒಮ್ಮೆ ಬಣ್ಣದಿಂದ, ಒಮ್ಮೆ ಉಪಯೋಗದಿಂದ, ಒಮ್ಮೆ ಯಾರದೆಂಬುದರಿಂದ ವಿಂಗಡಿಸಲು ಹೇಳಿದರೆ, ಗುಂಪು ವಸ್ತುವಿನಲ್ಲಿ ಅಂಟಿಕೊಂಡಿಲ್ಲ, ನೋಡುವ ನಯವನ್ನು ಅವಲಂಬಿಸಿದೆ ಎಂಬುದು ಉಪದೇಶವಿಲ್ಲದೆಯೇ ಮನದಟ್ಟಾಗುತ್ತದೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ 1959ರಲ್ಲಿ ಪ್ರಕಟಿಸಿದ ಗ್ರಂಥವು ಇಂತಹ ವಿಷಯವನ್ನೇ ಕುರಿತದ್ದು. ಹಲವು ಹೂಗಳಲ್ಲಿ ಒಂದು ಜಾತಿಯವೇ ಹೆಚ್ಚಾಗಿದ್ದಾಗ, "ಆ ಜಾತಿಯ ಹೂಗಳು ಹೆಚ್ಚೋ, ಒಟ್ಟು ಹೂಗಳು ಹೆಚ್ಚೋ?" ಎಂದು ಕೇಳಿದರೆ ಎಳೆಯ ಮಕ್ಕಳು ಸಾಮಾನ್ಯವಾಗಿ ಆ ಜಾತಿಯವೇ ಹೆಚ್ಚೆನ್ನುತ್ತಾರೆ. ಭಾಗವನ್ನು ನೋಡುವಾಗ ಅದನ್ನೊಳಗೊಂಡ ಸಮಗ್ರವು ಅವರ ಮನಸ್ಸಿನಿಂದ ಜಾರಿಹೋಗುತ್ತದೆ. ವಯಸ್ಸು ಬಂದಂತೆ ಮಕ್ಕಳು ಈ ದೋಷವನ್ನು ದಾಟುತ್ತಾರೆ. ಹಿರಿಯರು ದಾಟಿದ್ದಾರೆಯೆ?

ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಕೆಲಸದಾಕೆಯ ಲೋಟ ಇತರ ಲೋಟಗಳೊಡನೆ ಇರುವುದಿಲ್ಲ. ಕಿಟಕಿಯ ಮೂಲೆಯಲ್ಲಿ ಬೇರೆಯಾಗಿರುತ್ತದೆ. ಲೋಹವೂ ಅದೇ, ಆಕಾರವೂ ಅದೇ, ಉಪಯೋಗವೂ ಅದೇ. ಲೋಟಗಳನ್ನೆಲ್ಲ ಒಂದೆಡೆ ಜೋಡಿಸಲು ಕಲಿತ ಮಗು ಅದನ್ನೂ ತಂದು ಸೇರಿಸಿದರೆ ಹಿರಿಯರು ಗದರುತ್ತಾರೆ. ಆ ಕ್ಷಣದಲ್ಲಿ ಮಗುವಿನ ವಿಂಗಡಣೆ ಸರಿ, ತಪ್ಪಿದವರು ಹಿರಿಯರು. ಅವರು ಭಾಗವನ್ನು ಕಂಡು ಸಮಗ್ರವನ್ನು ಮರೆತಿದ್ದಾರೆ. ಯಾವ ಪುಸ್ತಕವೂ ಕಲಿಸದ ಮನುಷ್ಯರ ವರ್ಗೀಕರಣವನ್ನು ಆ ಗದರಿಕೆಯೊಂದು ಕಲಿಸಿಬಿಡುತ್ತದೆ.

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕ್ರಮ ಇಲ್ಲಿ ಮನನೀಯ. ಹುಳು, ಇರುವೆ, ದುಂಬಿ, ಮನುಷ್ಯರೆಂದು ಇಂದ್ರಿಯಗಳ ಏರಿಕೆಯನ್ನು ಹೇಳುವ ಮೊದಲೇ, ಉಪಯೋಗವು ಜೀವದ ಲಕ್ಷಣವೆಂದು ಸೂತ್ರಕಾರರು ಸಾರಿದ್ದಾರೆ. ಅಲ್ಲಿ ಉಪಯೋಗವೆಂದರೆ ಚೈತನ್ಯದ ವ್ಯಾಪಾರ. ಮೊದಲು ಎಲ್ಲ ಜೀವಗಳಿಗೂ ಸಮಾನವಾದುದು, ಬಳಿಕ ಭೇದಗಳು. ಭೇದಗಳನ್ನು ಅರಿಯುವುದು ಎಲ್ಲೆಲ್ಲಿ ಜೀವವಿದೆಯೆಂದು ತಿಳಿದು ಎಚ್ಚರದಿಂದ ನಡೆಯುವುದಕ್ಕಾಗಿ, ತಿರಸ್ಕಾರಕ್ಕಾಗಿ ಅಲ್ಲ.

ಪಾಠಶಾಲೆಗಳನ್ನು ನಡೆಸುವ ಬಸದಿಗಳ ಆಡಳಿತದವರೂ ತಾಯಿತಂದೆಯರೂ ಈ ಕ್ರಮವನ್ನು ಪಾಲಿಸಬಹುದು. ಮಕ್ಕಳಿಗೆ ಕಾಳು, ಗುಂಡಿಗಳನ್ನು ಕೊಟ್ಟು "ಇವು ಯಾವುದರಲ್ಲಿ ಒಂದೇ?" ಎಂದು ಮೊದಲು ಕೇಳಲಿ, "ಯಾವುದರಲ್ಲಿ ಬೇರೆ?" ಎಂಬುದು ಆಮೇಲೆ ಬರಲಿ. ಅದಕ್ಕೂ ಮುನ್ನ, ಕಿಟಕಿಯ ಮೂಲೆಯ ಲೋಟವನ್ನು ತಾವೇ ತಂದು ಉಳಿದವುಗಳ ಸಾಲಿನಲ್ಲಿಡಲಿ.