ವೃಕ್ಷಪೂಜೆಯೂ ವೃಕ್ಷಪ್ರೀತಿಯೂ

ನವರಾತ್ರಿಯ ಒಂಬತ್ತು ದಿನ ಜಗನ್ಮಾತೆಯನ್ನು ಅರ್ಚಿಸಿದ ನಾವು ಹತ್ತನೆಯ ದಿನ ಮರವೊಂದರ ಮುಂದೆ ಹೋಗಿ ನಿಲ್ಲುತ್ತೇವೆ. ಇದರಲ್ಲಿ ಅರ್ಥವಿದೆ. ವಿರಾಟನಗರಿಯನ್ನು ಹೊಗುವ ಮೊದಲು ಪಾಂಡವರು ತಮ್ಮ ಆಯುಧಗಳನ್ನು ಒಪ್ಪಿಸಿದ್ದು ಶಮೀವೃಕ್ಷಕ್ಕೆ. ಬಂಧುಗಳೇ ವೈರಿಗಳಾಗಿ, ಯಾರನ್ನು ನಂಬಬೇಕು ಯಾರನ್ನು ಬಿಡಬೇಕು ಎಂದು ತಿಳಿಯದ ಕಾಲದಲ್ಲಿ ಅವರು ಒಂದು ಮರವನ್ನು ನಂಬಿದರು. ಒಂದು ವರ್ಷದ ಅಜ್ಞಾತವಾಸ ಮುಗಿಯುವವರೆಗೂ ಆ ಮರ ತನ್ನ ಮಾತನ್ನು ಉಳಿಸಿಕೊಂಡಿತು. ಬನ್ನಿಯ ಪೂಜೆಯೆಂದರೆ ಆ ವಿಶ್ವಾಸದ ಸ್ಮರಣೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮಗೆ ಊರಿನ ಬನ್ನಿ ಸುಲಭವಾಗಿ ದೊರೆಯುವುದಿಲ್ಲ. ಇಲ್ಲಿನ ಬಂಧುಗಳು ಹಂಚಿಕೊಳ್ಳುವ ಆಪಟಾ ಎಲೆಯನ್ನೇ ನಾವೂ ಬಂಗಾರವೆಂದು ಸ್ವೀಕರಿಸಿದ್ದೇವೆ. ಬನ್ನಿಯದು ನವುರಾದ ಚಿಕ್ಕ ಚಿಕ್ಕ ಎಲೆ. ಆಪಟಾದ್ದು ಎರಡು ಹೋಳುಗಳು ಒಂದಾಗಿ ಕೂಡಿದ ಎಲೆ. ರೂಪ ಬೇರೆಯಾದರೂ ಭಾವ ಒಂದೇ. "ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣ" ಎಂಬ ನಮ್ಮ ಉತ್ತರ ಕರ್ನಾಟಕದ ಹರಕೆಗೂ ಮರಾಠಿ ನೆರೆಯವರ ಹಾರೈಕೆಗೂ ಅಂತರವೇನಿಲ್ಲ.

ಈ ಬಂಗಾರದ ಹಿಂದಿನ ಕಥೆಯನ್ನು ಹಲವರು ಬಲ್ಲರು. ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಿ ಕೌತ್ಸನು ರಘುಮಹಾರಾಜನಲ್ಲಿಗೆ ಬಂದ. ಎಲ್ಲವನ್ನೂ ದಾನಮಾಡಿ ಬರಿಗೈಯಾಗಿದ್ದ ರಘುವು ಕುಬೇರನ ಮೇಲೆ ದಂಡೆತ್ತಿ ಹೋಗಲು ಸಿದ್ಧನಾದ. ಆಗ ಹೊನ್ನಿನ ಮಳೆಯೇ ಸುರಿಯಿತು. ಅದು ಮರದ ಮೇಲೆ ಸುರಿಯಿತೆಂದು ಜನಪದರು ಹೇಳುತ್ತಾರೆ. ಕಥೆಯ ತಿರುಳಿರುವುದು ಮುಂದಿನ ಭಾಗದಲ್ಲಿ. ರಘು ಎಲ್ಲವನ್ನೂ ಕೊಡಲು ಮುಂದಾದರೂ ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನನ್ನೂ ಹೆಚ್ಚಾಗಿ ಮುಟ್ಟಲಿಲ್ಲ. ಅಗತ್ಯಕ್ಕೆ ಮೀರಿ ತೆಗೆದುಕೊಳ್ಳದಿರುವುದೇ ಈ ಹಬ್ಬದ ಬಂಗಾರ.

ಇಂದು ನಡೆಯುತ್ತಿರುವುದೇನು? ಹಬ್ಬದ ಮುನ್ನಾದಿನ ನಮ್ಮ ರೈಲು ನಿಲ್ದಾಣಗಳ ಹೊರಗೆ ಕೊಂಬೆ ಕೊಂಬೆಗಳೇ ರಾಶಿಯಾಗಿ ಬೀಳುತ್ತವೆ. ಆಪಟಾ ಸಾಲದೆ ಹೋದರೆ ಅದನ್ನೇ ಹೋಲುವ ಕಾಂಚನದ ಎಲೆಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಮರುದಿನ ಬೆಳಗ್ಗೆ ಆ ಬಂಗಾರವೆಲ್ಲ ಕಸದ ಗಾಡಿಗೆ. ವಟಸಾವಿತ್ರಿಯ ದಿನವೂ ಹೀಗೆಯೇ. ಬುಡಕ್ಕೆ ನೂಲು ಸುತ್ತಿ ಪ್ರದಕ್ಷಿಣೆ ಬರಬೇಕಾದ ಆಲದ ಟೊಂಗೆಯನ್ನು ಕಡಿದು ತಂದು ಮನೆಯಲ್ಲಿಟ್ಟು ಪೂಜಿಸುವುದು ನಗರದ ರೂಢಿಯಾಗಿದೆ. ಪೂಜೆಗಾಗಿಯೇ ಪೂಜ್ಯವಾದುದನ್ನು ಕಡಿಯಬಹುದೆ? ಈ ಪ್ರಶ್ನೆಯನ್ನು ಭಕ್ತರಾದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದೆ.

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕ ಮಹರ್ಷಿಯು ಮಗನಾದ ಶ್ವೇತಕೇತುವಿಗೆ ಮರವನ್ನೇ ಪಾಠವಾಗಿಸುತ್ತಾನೆ. ಬುಡಕ್ಕೆ ಹೊಡೆದರೂ, ನಡುವಿಗೆ ಹೊಡೆದರೂ, ತುದಿಗೆ ಹೊಡೆದರೂ ಮರವು ಬದುಕಿದ್ದೇ ರಸವನ್ನು ಸುರಿಸುತ್ತದೆ. ಜೀವವು ಬಿಟ್ಟುಹೋದ ಕೊಂಬೆ ಒಣಗುತ್ತದೆ ಎಂದು ತೋರಿಸುತ್ತಾನೆ. ಬಳಿಕ ಆಲದ ಹಣ್ಣನ್ನು ತರಿಸಿ, ಒಡೆಸಿ, ಬೀಜವನ್ನೂ ಒಡೆಸುತ್ತಾನೆ. ಏನೂ ಕಾಣದು ಎಂದು ಮಗ ಹೇಳಿದಾಗ, ಆ ಕಾಣದ ಸೂಕ್ಷ್ಮದಿಂದಲೇ ಈ ಮಹಾವೃಕ್ಷ ನಿಂತಿದೆ, ಅದೇ ನಿನ್ನ ಸ್ವರೂಪವೂ ಹೌದು ಎಂದು ಬೋಧಿಸುತ್ತಾನೆ. ಮರಕ್ಕೂ ನಮಗೂ ಇರುವ ನಂಟು ಕವಿಯ ಕಲ್ಪನೆಯಲ್ಲ, ಅದು ತತ್ತ್ವ. ಜಗದೀಶಚಂದ್ರ ಬೋಸರು ೧೯೦೧ರಲ್ಲಿ ಲಂಡನ್ನಿನ ವಿಜ್ಞಾನಿಗಳ ಮುಂದೆ, ಸಸ್ಯಗಳೂ ಹೊರಗಿನ ಆಘಾತಕ್ಕೆ ವಿದ್ಯುತ್ ಸ್ಪಂದನದಿಂದ ಉತ್ತರಿಸುತ್ತವೆಂದು ತೋರಿಸಿದರು. ಸಂಜೆಯಾದ ಮೇಲೆ ಗಿಡ ಮುಟ್ಟಬೇಡ, ಅದು ಮಲಗಿದೆ ಎಂದು ಗದರಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಉಪನಿಷತ್ತಾಗಲಿ ಪ್ರಯೋಗಾಲಯವಾಗಲಿ ಬೇಕಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಎಲ್ಲದರಲ್ಲಿಯೂ ಜೀವವಿದೆಯೆಂದರೆ ಬದುಕುವುದು ಹೇಗೆ? ನಾವು ಉಣ್ಣುವ ಅನ್ನವೂ ಸಸ್ಯವೇ, ಮನೆಯ ಬಾಗಿಲೂ ಮರದ್ದೇ. ನಗರ ಬೆಳೆಯಲೇಬೇಕು. ೧೯೭೦ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿ ನವಿ ಮುಂಬಯಿಯನ್ನು ಕಟ್ಟದಿದ್ದರೆ ನಮ್ಮಲ್ಲಿ ಎಷ್ಟೋ ಕುಟುಂಬಗಳಿಗೆ ತಲೆಯ ಮೇಲೊಂದು ಸೂರು ಸಿಗುತ್ತಿತ್ತೆ? ಈ ಆಕ್ಷೇಪವನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ.

ನಮ್ಮ ಹಿರಿಯರು ಇದಕ್ಕೆ ಕೊಟ್ಟ ಉತ್ತರ ಕಡಿಯಲೇಬಾರದು ಎಂಬುದಲ್ಲ. ಋಣವನ್ನು ಅರಿತು ತೆಗೆದುಕೋ ಎಂಬುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಿಗ್ರಹಕ್ಕಾಗಿ ಮರವನ್ನು ಕಡಿಯುವ ವಿಧಿಯಿದೆ. ಹಿಂದಿನ ರಾತ್ರಿ ಆ ಮರವನ್ನು ಪೂಜಿಸಿ, ಅದರಲ್ಲಿ ವಾಸಿಸುವ ಭೂತಗಳನ್ನು ವಂದಿಸಿ, ಬೇರೆ ನೆಲೆಗೆ ತೆರಳಬೇಕೆಂದು ಬೇಡಿಕೊಳ್ಳಬೇಕು. ದೇವರ ವಿಗ್ರಹಕ್ಕೂ ಅಪ್ಪಣೆ ಬೇಕು! ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಸಕಲ ಜೀವಿಗಳಿಗೂ ಅವುಗಳ ಪಾಲನ್ನು ಸಲ್ಲಿಸಿದ ಮೇಲೆಯೇ ಗೃಹಸ್ಥನ ಊಟ. ಮಿತಿಯಲ್ಲಿ ಪಡೆಯುವುದು, ಬೇಡಿ ಪಡೆಯುವುದು, ಪಡೆದುದನ್ನು ತೀರಿಸುವುದು: ಈ ಮೂರು ಇದ್ದಲ್ಲಿ ಕಡಿದುದೂ ಧರ್ಮಕ್ಕೆ ಹೊರತಲ್ಲ. ಇವು ಇಲ್ಲದಲ್ಲಿ ಪೂಜೆಯೂ ಸುಲಿಗೆಯೇ.

ಋಣ ತೀರಿಸಿದವರು ನಮ್ಮ ನಾಡಿನಲ್ಲಿಯೇ ಇದ್ದರು. ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕನವರು ಮಕ್ಕಳಿಲ್ಲದ ಕೊರಗನ್ನು ಆಲದ ಸಸಿಗಳಲ್ಲಿ ಮರೆತರು. ಪತಿ ಚಿಕ್ಕಯ್ಯನವರೊಡನೆ ಕೊಡದಲ್ಲಿ ನೀರು ಹೊತ್ತು, ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರಗಳನ್ನು ಬೆಳೆಸಿದರು. ೨೦೧೯ರಲ್ಲಿ ಪದ್ಮಶ್ರೀ ಅವರನ್ನು ಅರಸಿಕೊಂಡು ಬಂತು. ೨೦೨೫ರಲ್ಲಿ ಅವರು ಕಣ್ಮುಚ್ಚಿದರೂ ಆ ಮಕ್ಕಳು ದಾರಿಹೋಕರಿಗೆ ನೆರಳು ನೀಡುತ್ತ ನಿಂತಿದ್ದಾರೆ. ೧೯೮೩ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಹಳ್ಳಿಗರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಅವರು ಹೇಳಿದ ಮಂತ್ರ ಒಂದೇ: ಅಪ್ಪಿಕೋ.

ಇದು ಹಳ್ಳಿಯ ಮಾತು, ಫ್ಲ್ಯಾಟುಗಳಲ್ಲಿ ವಾಸಿಸುವ ನಮಗೇನು ಸಂಬಂಧ ಎನ್ನಬಹುದು. ವಾಶಿಯ ಸೇತುವೆಯನ್ನು ದಾಟುವಾಗ ಲೋಕಲ್ ಗಾಡಿಯ ಕಿಟಕಿಯಿಂದ ಕೆಳಗೆ ನೋಡಿ. ಕೆಸರಿನಲ್ಲಿ ನಿಂತ ಆ ಗಿಡಗಳನ್ನು ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಕೆಸರಿನಲ್ಲಿ ಗಾಳಿಯಿಲ್ಲವೆಂದು ಬೇರುಗಳನ್ನೇ ಮೇಲಕ್ಕೆತ್ತಿ ಉಸಿರಾಡುತ್ತವೆ. ಉಬ್ಬರದ ನೀರನ್ನು ತಡೆಯುತ್ತವೆ, ಮೀನಿನ ಮರಿಗಳಿಗೆ ತೊಟ್ಟಿಲಾಗುತ್ತವೆ. ಠಾಣೆಯ ಖಾರಿಗೆ ರಾಜಹಂಸಗಳ ಹಿಂಡು ವರ್ಷವರ್ಷವೂ ಬರುತ್ತದೆ; ೨೦೨೨ರಲ್ಲಿ ಈ ಖಾರಿ ರಾಮ್ಸಾರ್ ತಾಣವೆಂದು ಜಗತ್ತಿನ ಮನ್ನಣೆ ಪಡೆಯಿತು. ೨೦೦೫ರ ಜುಲೈ ೨೬ರ ಮಹಾಪೂರವನ್ನು ಕಂಡ ನಮಗೆ, ನೀರಿಗೂ ಅದರದೇ ಜಾಗ ಬೇಕೆಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೊಟ್ಟೆಪಾಡಿಗಾಗಿ ಬೇರು ಕಿತ್ತು ಬಂದವರು ನಾವು. ಈ ನೆಲದ ಮರಗಳು ನಮ್ಮ ಭಾಷೆಯನ್ನು ಕೇಳದೆ ನೆರಳು ಕೊಟ್ಟವು. ಅವುಗಳ ಹೆಸರನ್ನಾದರೂ ನಾವು ತಿಳಿಯಬೇಡವೆ? ನಗರದ ಮರಗಳ ರಕ್ಷಣೆಗೆಂದು ಮಹಾರಾಷ್ಟ್ರದಲ್ಲಿ ೧೯೭೫ರಿಂದಲೇ ಕಾಯಿದೆಯಿದೆ. ಸೊಸೈಟಿಯ ಅಂಗಳದ ಮರವಾದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕಾಯಿದೆ ಕೊಡಲಿಯನ್ನು ತಡೆಯಬಹುದು, ಪ್ರೀತಿಯನ್ನು ಹುಟ್ಟಿಸಲಾರದು. ಅದು ಮನೆಯಲ್ಲಿ ಹುಟ್ಟಬೇಕು. ಈ ವಿಜಯದಶಮಿಗೆ ಕೊಂಬೆಯ ಬದಲು ಒಂದೇ ಎಲೆ ಸಾಕು. ಒಂದು ಎಲೆಯನ್ನು ಹತ್ತು ಕೈಗಳು ಮುಟ್ಟಿ ಕಣ್ಣಿಗೊತ್ತಿಕೊಂಡರೆ ಬಂಗಾರ ಕಡಿಮೆಯಾಗದು. ಆಲದ ಕೊಂಬೆಯನ್ನು ಮನೆಗೆ ತರುವ ಬದಲು ನಾವೇ ಆಲದ ಬಳಿಗೆ ಹೋಗೋಣ. ಮೊಮ್ಮಕ್ಕಳ ಕೈಹಿಡಿದು ಬೀದಿಯ ಮರಗಳನ್ನು ಹೆಸರಿಟ್ಟು ಪರಿಚಯಿಸೋಣ. ಸಂಘದ ಅಂಗಳದಲ್ಲಿ ತಾವಿದ್ದರೆ ಬನ್ನಿಯ ಸಸಿಯೊಂದನ್ನು, ಅದರ ಪಕ್ಕದಲ್ಲಿಯೇ ಆಪಟಾ ಸಸಿಯೊಂದನ್ನು ನೆಡೋಣ.

ಸಕಲ ಜೀವರಾಶಿಗಳಲ್ಲಿ ನೆಲೆಸಿರುವ ಆ ಜಗನ್ಮಾತೆಯು ನಮ್ಮ ಕೈಗೆ ಮಿತಿಯನ್ನೂ ಮನಸ್ಸಿಗೆ ಮಮತೆಯನ್ನೂ ಕರುಣಿಸಲಿ.