ಕಣಕುಂಬಿಯ ಮಳೆ

ಮಲಪ್ರಭೆಯ ದಂಡೆಯ ಊರುಗಳಲ್ಲಿ ಬಾಳಿದವರೆಲ್ಲರಿಗೂ ತಿಳಿದಿರುವ ಒಂದು ಸಂಗತಿಯುಂಟು. ನೆತ್ತಿಯ ಮೇಲಿನ ಆಕಾಶವು ನಿರಭ್ರವಾಗಿದ್ದು, ಹೊಲದ ಎರೆಮಣ್ಣು ಒಂದು ಹನಿಯನ್ನೂ ಕಾಣದಿರುವ ದಿನದಲ್ಲಿಯೇ ಹೊಳೆಯು ಊರೊಳಗೆ ನುಗ್ಗಿ ಬರಬಹುದು. ಮಳೆ ಬಿದ್ದುದು ಎಲ್ಲಿಯೋ ದೂರದಲ್ಲಿ, ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ. ಆ ನೀರು ನವಿಲುತೀರ್ಥದ ಜಲಾಶಯವನ್ನು ತುಂಬಿ, ಗೇಟುಗಳಿಂದ ಹೊರಬಿದ್ದು, ಬಾದಾಮಿ ಹುನಗುಂದಗಳ ಹಳ್ಳಿಗಳನ್ನು ಮುಟ್ಟುವಾಗ ಅಲ್ಲಿಯ ಜನರು ಬಿಸಿಲಿನಲ್ಲಿ ನಿಂತುಕೊಂಡೇ ಗಂಟುಮೂಟೆ ಕಟ್ಟಬೇಕಾಗುವುದು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ನೀರು ಬಂದಾಗ ನಾವೆಲ್ಲ ಊರಿನಿಂದ ದೂರ ಇಲ್ಲಿ ಕುಳಿತು ಫೋನಿನ ಪರದೆಯ ಮೇಲೆ ಅದನ್ನು ನೋಡಿ ಮರುಗಿದೆವಷ್ಟೆ. ಮನುಷ್ಯರ ಕೋಪತಾಪಗಳಲ್ಲಿಯೂ ಅನೇಕವು ಇಂಥ ಹೊಳೆಗಳೇ ಎಂದು ನನಗೆ ಈಚೆಗೆ ಮನವರಿಕೆಯಾಗಿದೆ. ನಮ್ಮ ಮನೆಯ ನಡುಮನೆಯಲ್ಲಿ ಮೇಘವೇ ಇಲ್ಲದೆ ನೀರೇರಿದಾಗ, ಆ ಮಳೆ ಎಲ್ಲಿ ಸುರಿದಿತ್ತೆಂದು ನನ್ನ ಒಂಬತ್ತು ವರುಷದ ಮಗಳು ಕೇಳಿದಳು. ಉತ್ತರ ಕೊಟ್ಟವರು ನನ್ನ ಅತ್ತೆಯವರು.

ಅಂದು ಹೋಳಿಹುಣ್ಣಿಮೆಯ ಆಚರಣೆ. ಬಾಗಲಕೋಟೆಯ ಹೋಳಿಯನ್ನು ಕಂಡವರಿಗೆ ನಾನು ವರ್ಣಿಸಿ ಹೇಳಬೇಕಾದುದಿಲ್ಲ. ಕಾಣದವರಿಗೆ ಎಷ್ಟು ವರ್ಣಿಸಿದರೂ ಆ ಹಲಗಿಯ ಸಪ್ಪಳ ಎದೆಯೊಳಗೆ ಬಡಿಯುವ ಬಗೆ, ಪೀಪಾಯಿಗಳನ್ನು ಹೇರಿಕೊಂಡು ಓಣಿಯಿಂದ ಓಣಿಗೆ ಸಾಗುವ ಬಣ್ಣದ ಬಂಡಿಗಳ ಗತ್ತು ತಿಳಿಯಲಾರದು. ಇಲ್ಲಿ ನೆಲೆಸಿರುವ ನಮ್ಮ ಕಡೆಯವರ ಸಂಘದವರು ಶ್ರದ್ಧೆಯಿಂದಲೇ ಎಲ್ಲವನ್ನೂ ಅಣಿಗೊಳಿಸಿದ್ದರು. ಆದರೆ ಒಣಬಣ್ಣ ಎರಚುವುದು ಪಾರ್ಕಿಂಗ್ ಜಾಗದ ಒಂದು ಮೂಲೆಯಲ್ಲಿ ಮಾತ್ರವೆಂಬ ಕಟ್ಟಳೆಯಿತ್ತು, ಹಲಗಿಯ ಸಪ್ಪಳ ಸ್ಪೀಕರಿನಿಂದ ಬರುತ್ತಿತ್ತು. ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದ ಅತ್ತೆಯವರು ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದುಕೊಂಡು, ಯಾರೋ ಬರಬೇಕಾಗಿದೆಯೆಂಬಂತೆ ಬಾಗಿಲ ಕಡೆಗೇ ನೋಡುತ್ತ ಕುಳಿತಿದ್ದರು.

ಮನೆಗೆ ಹಿಂದಿರುಗಿದ ಮೇಲೆ ನಮ್ಮವರ ಕಣ್ಣಿಗೆ ಅಡುಗೆಮನೆಯ ಕಟ್ಟೆಯ ಮೇಲಿದ್ದ ಒಂದು ಲಕೋಟೆ ಬಿದ್ದಿತು. ನಗರಸಭೆಯಿಂದ ಬಂದುದು, ಬೀದಿಯ ಹಳೆಯ ನೀರಿನ ಕೊಳವೆಗಳನ್ನು ಬದಲಿಸುವರಂತೆ, ಒಂದು ಹಗಲು ನಳ ಬರುವುದಿಲ್ಲವಂತೆ, ಇಷ್ಟೇ ಒಕ್ಕಣೆ. ಅವರು ನಿಂತುಕೊಂಡೇ ಅದನ್ನು ಒಡೆದರು, ಓದಿದರು, ಮತ್ತೆ ಮೊದಲಿನಿಂದ ಓದಿದರು. ಅನಂತರ, ಸ್ವಭಾವತಃ ಮೆದುವಾದ ಅವರ ದನಿ ಥಟ್ಟನೆ ಏರಿತು. “ಇದು ಯಾವಾಗ ಬಂದದ? ನನಗ್ಯಾಕ ಯಾರೂ ಹೇಳಿಲ್ಲ? ಈ ಮನ್ಯಾಗ ಒಂದು ಕಾಗದಕ್ಕ ಕಿಮ್ಮತ್ತಿಲ್ಲೇನು?” ಎಂದರು. ಕಾಗದವನ್ನು ಹಿಡಿದಿದ್ದ ಬೆರಳುಗಳು ಗುಲಾಲಿನಿಂದ ಕೆಂಪಾಗಿದ್ದವು. ಅದರ ಅಂಚಿನಲ್ಲಿ ಆ ಬೆರಳುಗಳ ಗುರುತು ಮೂಡಿ ನಿಂತಿತು. ನಾನು ಏನನ್ನೂ ನುಡಿಯಲಿಲ್ಲ. ಅವರು ಮಹಡಿ ಹತ್ತಿಹೋದರು. ಮಗಳು ಅಜ್ಜಿಯ ಮಗ್ಗುಲಿಗೆ ಸರಿದು, “ಆಯೀ, ಕಾಗದ ಬಂದ್ರ ಅಪ್ಪಗ ಯಾಕ ಸಿಟ್ಟು ಬರ್ತದ?” ಎಂದು ಕೇಳಿದಳು.

ಅತ್ತೆಯವರು ಬಹಳ ಹೊತ್ತು ಅವಳ ತಲೆಯ ಬಣ್ಣವನ್ನು ಕೊಡವುತ್ತ ಇದ್ದು, “ಸಿಟ್ಟಲ್ಲ ನನ್ನವ್ವ, ಅದು ಅಂಜಿಕಿ,” ಎಂದರು. “ಅಂವ ಸಣ್ಣಾಂವ ಇದ್ದಾಗ ನಮ್ಮನಿಗೆ ಬಂದ ಕಾಗದೆಲ್ಲಾ ಮನಿ ಬಿಡ್ರಿ ಅಂತನ ಬರ್ತಿದ್ವು.”

ಆ ಮೇಲೆ ಅವರು ಹೇಳಿದ ಕಥೆಯನ್ನು, ಈ ಮನೆಯ ಸೊಸೆಯಾಗಿ ಇಷ್ಟು ಕಾಲ ಬಾಳಿಯೂ, ನಾನು ಆ ರೂಪದಲ್ಲಿ ಕೇಳಿರಲಿಲ್ಲ. ಅವರ ಮನೆ ಹಳೆಯ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಯ ತಗ್ಗಿನ ಓಣಿಯಲ್ಲಿ ಇದ್ದುದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿರುವ ಮನೆಗಳನ್ನು ಗುರುತಿಸಲು ಅಳತೆಯವರು ಬಂದು ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ನಂಬರು ಬರೆದು ಹೋದರು. ಆ ಮೇಲೆ ವರುಷ ವರುಷವೂ ದೀಪಾವಳಿಗೆ ಗೋಡೆಗೆ ಸುಣ್ಣ ಹಚ್ಚುವಾಗ ಅತ್ತೆಯವರು ಆ ನಂಬರಿನ ಸುತ್ತ ಅಂಗೈಯಗಲ ಜಾಗ ಬಿಟ್ಟು ಹಚ್ಚುತ್ತಿದ್ದರಂತೆ. ಅದು ಅಳಿಸಿಹೋದರೆ ಪರಿಹಾರದ ಹಣವೂ ಅಳಿಸಿಹೋದೀತೆಂಬ ಭಯ. ಗೋಡೆ ಬೆಳ್ಳಗಾದಷ್ಟೂ ಆ ಚೌಕ ಕಪ್ಪಗೆ, ಆ ನಂಬರು ಕೆಂಪಗೆ ಎದ್ದು ಕಾಣುತ್ತಿತ್ತು. ಕಚೇರಿಯ ಕಾಗದ ಬಂದ ದಿನ ಮಾವನವರು ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋಗುವರು. ಸಂಜೆ ಬಂದು ಊಟಕ್ಕೆ ಕುಳಿತಾಗ ಬ್ಯಾಳಿಗೆ ಉಪ್ಪು ಹೆಚ್ಚಾಯಿತೆಂದು ತಾಟು ಸರಿಸಿ ಎದ್ದುಬಿಡುವರು. ಹೊಸ್ತಿಲ ಮೇಲೆ ಕುಳಿತ ಹುಡುಗನಿಗೆ ಕಾಗದವನ್ನು ಓದಲು ಬರುವ ಮೊದಲೇ, ಕಾಗದ ಹಿಡಿದ ತಂದೆಯ ಮುಖವನ್ನು ಓದಲು ಬಂದಿತ್ತು. ಅಷ್ಟರಲ್ಲಿ ನೀರು ಇನ್ನೂ ಬಂದಿರಲಿಲ್ಲ.

ಈ ಕಡೆಯ ಮಾತೇ ನನ್ನನ್ನು ಹೆಚ್ಚಾಗಿ ಕಾಡಿದುದು. ಆಲಮಟ್ಟಿಯಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟುದು 1964ರಲ್ಲಿ. ಕೃಷ್ಣಾ ನದಿಯ ನೀರು ಯಾವ ರಾಜ್ಯಕ್ಕೆ ಎಷ್ಟೆಂಬ ವ್ಯಾಜ್ಯದಲ್ಲಿ ಬಚಾವತ್ ನ್ಯಾಯಾಧಿಕರಣವು ತೀರ್ಪು ಕೊಟ್ಟುದು 1973ರಲ್ಲಿ. ಹಿನ್ನೀರು ಬಾಗಲಕೋಟೆಯ ಓಣಿಗಳನ್ನು ಹೊಕ್ಕುದು ಶತಮಾನವು ಹೊರಳುವ ಹೊತ್ತಿಗೆ. ಎಂದರೆ, ಒಂದು ಊರಿನ ಮಕ್ಕಳು ಹುಟ್ಟಿ, ಶಾಲೆ ಕಲಿತು, ಮದುವೆಯಾಗಿ, ತಾವೂ ಮಕ್ಕಳನ್ನು ಹಡೆಯುವಷ್ಟು ದೀರ್ಘವಾದ ಕಾಲವನ್ನು ಆ ಊರು ಮುಳುಗುವುದನ್ನು ಕಾಯುವುದರಲ್ಲಿಯೇ ಕಳೆಯಿತು. ಮುಳುಗಡೆಯ ದುಃಖವನ್ನು ಕುರಿತು ನಮ್ಮ ನಾಡಿನವರು ಬಹಳ ಬರೆದಿದ್ದಾರೆ. ಮುಳುಗಡೆಗಾಗಿ ಕಾಯ್ದ ದುಃಖವನ್ನು ಕುರಿತು ಅಷ್ಟಾಗಿ ಬರೆದಿಲ್ಲವೆಂದು ನನ್ನ ಭಾವನೆ. ಬಂದೆರಗಿದ ಆಪತ್ತಿಗೆ ಒಂದು ದಿನ, ಒಂದು ತಿಥಿ ಉಂಟು, ಅತ್ತು ಮುಗಿಸಬಹುದು. ಇಂದೋ ನಾಳೆಯೋ ಎಂದು ತೂಗಾಡುವ ಆಪತ್ತಿಗೆ ತಿಥಿಯಿಲ್ಲವಾದುದರಿಂದ, ಮನಸ್ಸು ಎಂದೆಂದಿಗೂ ಬಾಗಿಲ ಬಳಿಯಲ್ಲಿಯೇ ನಿಂತಿರುವ ಅಭ್ಯಾಸವನ್ನು ಮಾಡಿಕೊಂಡುಬಿಡುತ್ತದೆ. ಆಮೇಲೆ ಚಾರ್ಲ್ಸ್ ಕೊರಿಯಾರಂಥ ವಾಸ್ತುಶಿಲ್ಪಿಯ ಯೋಜನೆಯ ಮೇರೆಗೆ ನವನಗರ ಕಟ್ಟಲ್ಪಟ್ಟು, ವಿಶಾಲವಾದ ಬೀದಿಗಳು ಬಂದುವು, ಕಿಲ್ಲಾ, ವೆಂಕಟಪೇಟೆ ಎಂದು ವಿಳಾಸ ಹೇಳುತ್ತಿದ್ದವರು ಸೆಕ್ಟರಿನ ಸಂಖ್ಯೆ ಹೇಳಲು ಕಲಿತರು. ಆದರೂ ನಮ್ಮವರು ಬಾಗಿಲ ಬಳಿಯಿಂದ ಒಳಗೆ ಬರಲಿಲ್ಲ.

ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರು ತಾಯಿಮಕ್ಕಳ ಬಾಂಧವ್ಯವನ್ನು ಕುರಿತು ಬರೆದ ಮಹಾಗ್ರಂಥದ ಎರಡನೆಯ ಸಂಪುಟವು 1973ರಲ್ಲಿ ಪ್ರಕಟವಾಯಿತು. ಅಗಲಿಕೆಯನ್ನು ಕುರಿತ ಆ ಸಂಪುಟದ ಹೆಸರಿನಲ್ಲಿಯೇ ಆತಂಕ ಮತ್ತು ಕೋಪಗಳು ಜೊತೆಜೊತೆಯಾಗಿ ನಿಂತಿವೆ. ಆಶ್ರಯ ತಪ್ಪೀತೆಂದು ಹೆದರಿದ ಮಗುವು ತಾನು ಯಾರನ್ನು ಹೆಚ್ಚಾಗಿ ನೆಚ್ಚಿದೆಯೋ ಅವರ ಮೇಲೆಯೇ ಮುನಿಯುವುದು, ಆ ಮುನಿಸು ‘ನನ್ನನ್ನು ಬಿಡಬೇಡಿರಿ’ ಎಂಬುದರ ಇನ್ನೊಂದು ರೂಪ, ಎಂಬ ಅವರ ಕಾಣ್ಕೆಯನ್ನು ಓದಿದಾಗ ನನಗೆ ಬ್ಯಾಳಿಯ ಉಪ್ಪು ನೆನಪಾಯಿತು. ಕಚೇರಿಯವರೊಡನೆ ಕಾದಲಾರದ ಮಾವನವರು ಹೆಂಡತಿಯೊಡನೆ ಕಾದಿದರು. ಏಕೆಂದರೆ, ಎಷ್ಟು ಕಾದಿದರೂ ಎದ್ದುಹೋಗದವಳು ಅವಳೊಬ್ಬಳೇ. ನಮ್ಮ ತಾರ್ಕಿಕರು ಸ್ಮೃತಿಯನ್ನು ಸಂಸ್ಕಾರದಿಂದ ಹುಟ್ಟುವುದೆಂದು ನಿರೂಪಿಸಿದರು. ಸಂಸ್ಕಾರವಾದರೋ ಕಣ್ಣಿಗೆ ಕಾಣದೆ ಅಂತರಂಗದಲ್ಲಿ ಮಲಗಿದ್ದು, ತನ್ನನ್ನು ಎಬ್ಬಿಸುವ ಒಂದು ಸಾದೃಶ್ಯಕ್ಕಾಗಿ ಕಾದಿರುವಂಥದು. ಸರಕಾರದ ಮೊಹರುಳ್ಳ ಲಕೋಟೆಗಿಂತ ಬಲವಾದ ಸಾದೃಶ್ಯ ಬೇರೆ ಬೇಕೆ?

ಇದು ಮುಳುಗಡೆಯವರಿಗೆ ಮಾತ್ರ ಮೀಸಲಾದ ವ್ಯಥೆಯೆಂದು ನಾನು ಹೇಳಲಾರೆ. ನಾನು ಇಳಕಲ್ಲಿನವಳು, ಕುಣಿಮಗ್ಗದ ಮನೆಗಳ ನಡುವೆ ಬೆಳೆದವಳು. ನಮ್ಮೂರಿನ ಶ್ರೀಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ, ದವಸಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಸಂಗತಿಯನ್ನು ಕರ್ನಾಟಕವೇ ಬಲ್ಲದು. ನಮ್ಮ ಓಣಿಯಲ್ಲಿ ಒಬ್ಬ ಗೃಹಸ್ಥರು ಆ ಜೋಳಿಗೆಗೆ ತಮ್ಮ ಕುಡಿತವನ್ನು ಹಾಕಿದವರು, ಮತ್ತೆಂದೂ ಮುಟ್ಟಲಿಲ್ಲ. ಅವರ ಮಗಳು ನನ್ನ ಗೆಳತಿ. ತಂದೆ ಕುಡಿತ ಬಿಟ್ಟು ವರುಷಗಳು ಸಂದ ಮೇಲೆಯೂ, ಸಂಜೆ ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಚಪ್ಪಲಿಯ ಸಪ್ಪಳವಾದರೆ ಅವಳು ಮಾತನ್ನು ನಡುವೆಯೇ ನಿಲ್ಲಿಸಿ, ಹೆಜ್ಜೆಗಳು ನೇರವಾಗಿ ಬೀಳುತ್ತಿವೆಯೋ ಇಲ್ಲವೋ ಎಂದು ಆಲಿಸುತ್ತಿದ್ದಳು. ಈಗ ಅವಳ ಗಂಡನು ಸಂಜೆ ತಡವಾಗಿ ಬಂದರೆ ಬಾಗಿಲು ತೆಗೆಯುವ ಮೊದಲೇ ಅವಳ ಮುಖ ಬಿಗಿದಿರುವುದಂತೆ. ಪಾಪ, ಅವನು ಚಹಾದ ಹೊರತು ಇನ್ನೊಂದನ್ನು ಮುಟ್ಟಿದವನಲ್ಲ. ತಂದೆಯ ಚಟ ಜೋಳಿಗೆಗೆ ಬಿದ್ದಿತು. ಮಗಳ ಅಂಜಿಕೆಯನ್ನು ಯಾರೂ ಬೇಡಲಿಲ್ಲ.

ಹೋಳಿಯ ಆ ಸಂಜೆಯಾದ ಕೆಲವು ದಿನಗಳ ಮೇಲೆ ಮಗಳ ಶಾಲೆಯ ಚೀಲವನ್ನು ಒಗೆಯಲೆಂದು ಬರಿದುಮಾಡಿದಾಗ, ಅದರ ಹಿಂದಿನ ಖಾನೆಯಲ್ಲಿ ನಮ್ಮ ವಿಳಾಸಕ್ಕೆ ಬಂದ ಲಕೋಟೆಗಳು, ಒಡೆಯದೆ, ನೀಟಾಗಿ ಜೋಡಿಸಲ್ಪಟ್ಟು ಕುಳಿತಿದ್ದವು. ಬ್ಯಾಂಕಿನದೊಂದು, ವಿಮೆಯವರದೊಂದು, ಉಳಿದುವು ಜಾಹೀರಾತುಗಳು. ಶಾಲೆಯಿಂದ ಬರುವಾಗ ಅಂಚೆಯ ಡಬ್ಬಿಯನ್ನು ತೆರೆದು, ತಂದೆಯ ಕಣ್ಣಿಗೆ ಬೀಳದಂತೆ ಅವನ್ನು ಮರೆಮಾಡುವ ಕೆಲಸವನ್ನು ಅವಳು ತಾನಾಗಿಯೇ ವಹಿಸಿಕೊಂಡಿದ್ದಳು. ಕೇಳಿದಾಗ, “ಅಪ್ಪ ಅಂಜಬಾರದು ಅಂತ,” ಎಂದಳು. ನಾನು ಅಲ್ಲಿಯೇ ಒಗೆಯುವ ಯಂತ್ರಕ್ಕೆ ಒರಗಿ ನಿಂತುಬಿಟ್ಟೆ. ಘಟಪ್ರಭೆಯನ್ನು ಸರಿಯಾಗಿ ನೋಡಿಯೇ ಇರದ ಈ ಕೂಸು ತಾತನ ಕಾಲದ ಕಾಗದಗಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಹೋಗಿಬರುತ್ತಿದ್ದಳು.

ಅತ್ತೆಯವರು ಅವಳಿಗೆ ಆ ಕಥೆಯನ್ನು ಹೇಳಿದುದು ಒಳಿತಾಯಿತೆ, ಕೇಡಾಯಿತೆ? ನಾನು ಎರಡು ಬಗೆಯಾಗಿಯೂ ಯೋಚಿಸಿ ನೋಡಿದ್ದೇನೆ. ಹೇಳದಿದ್ದರೆ, ತಂದೆಯ ದನಿ ಏರಿದಾಗಲೆಲ್ಲ ತಪ್ಪು ತನ್ನದೇ ಎಂದು ಆ ಮಗು ಭಾವಿಸುತ್ತಿತ್ತು. ಮಕ್ಕಳು ಕಾರಣ ಕಾಣದ ಕಡೆಯಲ್ಲೆಲ್ಲ ತಮ್ಮನ್ನೇ ಕಾರಣವಾಗಿ ನಿಲ್ಲಿಸಿಕೊಳ್ಳುವರು. ಹೇಳಿದುದರಿಂದ, ತಂದೆಯನ್ನು ಕಾಪಾಡುವ ಭಾರವು ಅವಳ ಮೇಲೆ ಬಿದ್ದಿತು. ಆದರೂ ನಮ್ಮ ಸಂಘದ ಬಂಧುಗಳಲ್ಲಿ ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕೆನಿಸುತ್ತದೆ. ನಮ್ಮ ಮಕ್ಕಳಿಗೆ ನಾವು ಐಹೊಳೆ ಬಾದಾಮಿಗಳ ಶಿಲ್ಪವೈಭವವನ್ನು ಹೇಳುತ್ತೇವೆ, ಬನಶಂಕರಿಯ ಜಾತ್ರೆಯನ್ನು ಹೇಳುತ್ತೇವೆ, ಇಳಕಲ್ಲಿನ ಸೀರೆ ಗುಳೇದಗುಡ್ಡದ ಖಣಗಳನ್ನು ಉಡಿಸಿ ವೇದಿಕೆಯ ಮೇಲೆ ನಿಲ್ಲಿಸುತ್ತೇವೆ. ಹೇಳಬೇಕಾದುದೇ, ಹೆಮ್ಮೆ ಪಡಬೇಕಾದುದೇ. ತಮ್ಮೂರನ್ನು ಬಿಟ್ಟುಕೊಟ್ಟವರ ತ್ಯಾಗದಿಂದ ಕೃಷ್ಣೆಯು ಎಷ್ಟೋ ಬರಡು ನೆಲಗಳಿಗೆ ಹರಿದುದು, ಆಲಮಟ್ಟಿಯಲ್ಲಿ 290 ಮೆಗಾವಾಟಿನ ವಿದ್ಯುತ್ ಕೇಂದ್ರವಿರುವುದು ಇವೂ ಹೆಮ್ಮೆಯ ವಿಷಯಗಳೇ. ಆದರೆ ಸುಣ್ಣದ ನಡುವೆ ಉಳಿದ ಕೆಂಪು ನಂಬರನ್ನೂ ಒಂದು ದಿನ ಹೇಳಬೇಡವೆ? ಯಾವ ವಯಸ್ಸಿನಲ್ಲಿ, ಎಷ್ಟು ಹೇಳಬೇಕೆಂಬುದನ್ನು ಬಲ್ಲವರು ತಿಳಿಸಿದರೆ ನಾನು ಉಪಕೃತಳು. “ಹೇಳ್ರಿ, ಖರೆ ಮಲಗೂ ಹೊತ್ತಿನ್ಯಾಗ ಹೇಳಬ್ಯಾಡ್ರಿ,” ಎಂಬುದಷ್ಟೇ ಅತ್ತೆಯವರ ಸಲಹೆ.

ಈಗ ಶನಿವಾರ ಮುಂಜಾನೆ ತಂದೆಮಗಳು ಇಬ್ಬರೂ ಮೇಜಿನ ಮುಂದೆ ಕುಳಿತು ವಾರದ ಅಂಚೆಯನ್ನು ಒಡೆಯುತ್ತಾರೆ. ಒಡೆಯುವವಳು ಮಗಳು, ಓದಿ ಅರ್ಥ ಹೇಳುವವರು ತಂದೆ. ಕೆಲವು ವಾರಗಳಲ್ಲಿ ನಗು ಕೇಳಿಬರುತ್ತದೆ. ಕೆಲವು ವಾರಗಳಲ್ಲಿ ಅವರ ದನಿ ಏರುತ್ತದೆ, ಅವಳು ಕತ್ತರಿಯನ್ನು ಕೆಳಗಿಟ್ಟು ಅವರ ಮುಖವನ್ನು ನೋಡುತ್ತಾಳೆ. ಅತ್ತ ಊರಿನಲ್ಲಿಯೂ ಕಾಯುವುದು ಮುಗಿದಿಲ್ಲ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಅನುಮತಿಯಿತ್ತ ಮೇಲೆ, ಆ ಮಾತು ಎದ್ದಾಗಲೆಲ್ಲ ಹಳೆಯ ಊರಿನಲ್ಲಿ ಉಳಿದಿರುವ ನಮ್ಮ ಬಳಗದವರು ಫೋನಿನಲ್ಲಿ ಸಣ್ಣ ಸಣ್ಣ ವಿಷಯಕ್ಕೆ ಒಬ್ಬರ ಮೇಲೊಬ್ಬರು ದೂರು ಹೇಳಿಕೊಳ್ಳುವುದು ಹೆಚ್ಚುತ್ತದೆ. ಅಲ್ಲಿಯೂ ಹೊಸ್ತಿಲ ಮೇಲೆ ಹುಡುಗರು ಕುಳಿತಿರಬಹುದಷ್ಟೆ. ಅತ್ತೆಯವರು ಊರಿಗೆ ಹೊರಡುವ ಮುನ್ನ, ಬ್ಯಾಸಗಿಯಲ್ಲಿ ಹಿನ್ನೀರು ಇಳಿಯುವುದೆಂದೂ, ಮನೆಯಿದ್ದ ಜಾಗವನ್ನು ತೋರಿಸುವೆನೆಂದೂ ಮೊಮ್ಮಗಳಿಗೆ ಮಾತು ಕೊಟ್ಟರು. ಅವಳು ದಿನವೂ ಕೇಳುತ್ತಾಳೆ. ನಮ್ಮವರು ಆಗಲಿ ಎಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ರಜೆಯ ಅರ್ಜಿಯನ್ನು ಮಾತ್ರ ಬರೆದಿಟ್ಟಿದ್ದಾರೆ, ಕೊಟ್ಟಿಲ್ಲ.